ಮೆಟ್ಟಿಲ ತಿರುವಿನ ಮೇಜು

ಫೆಬ್ರವರಿ 3

ಚಿಕ್ಕವಳೇ,

ಇಲ್ಲಿ ನಾನೂ ಅಮ್ಮನೂ ಇದ್ದೇವೆ. ಕ್ಷೇಮ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ಅದಕ್ಕೆ ಕಾರಣ ನಿನ್ನ ಕಸುಬಿನವಳೊಬ್ಬಳು.

ನಮ್ಮ ಕನ್ನಡಕದ ಕಾರ್ಖಾನೆಗೆ ಅವಳು ಬಂದು ಒಂದು ವಾರವಾಯಿತು. ಮ್ಯಾನೇಜರು ಅಂಟಿಸಿದ ನೋಟಿಸಿನಲ್ಲಿ ‘ಸುಗಮಕಾರರು’ ಎಂದಿತ್ತು. ಹಾಗೆಂದರೇನು ಎಂದು ಕೇಳಿದವರಿಗೆ ‘ಫೆಸಿಲಿಟೇಟರ್’ ಅಂದರು. ಅಲ್ಲಿಯವರೆಗೆ ಅರ್ಥವಾಗಿದ್ದವರಿಗೂ ಆಮೇಲೆ ಆಗಲಿಲ್ಲ. ಮಾರನೆಯ ದಿನಕ್ಕೆ ಅವಳಿಗೆ ಸುಗಮಮ್ಮ ಎಂದು ಹೆಸರು ಬಿತ್ತು. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ಮಾತು ಸರಿಹೋಗುವಂತೆ ಮಾಡುತ್ತಾಳಂತೆ. ಹಾಗಾದರೆ ಹತ್ತೊಂಬತ್ತು ವರ್ಷದಿಂದ ನಾನು ಏನು ಮಾಡುತ್ತಿದ್ದೆ, ಮಣ್ಣು ಹೊರುತ್ತಿದ್ದೆನಾ?

ನೀನು ನಮ್ಮ ಕಾರ್ಖಾನೆ ನೋಡಿಲ್ಲ, ಹೇಳುತ್ತೇನೆ. ಮೇಲೆ ಲೆನ್ಸು ಉಜ್ಜುವವರು. ಅವರ ಮೇಸ್ತ್ರಿಗೆ ಎಲ್ಲರೂ ಉಜ್ಜಪ್ಪ ಅನ್ನುತ್ತೇವೆ. ಕೆಳಗೆ ಆ ಲೆನ್ಸನ್ನು ಫ್ರೇಮಿಗೆ ಕೂರಿಸುವವರು. ಅವರಿಗೆ ಹಿರಿಯಳು ಸ್ಕ್ರೂ ಚಿಕ್ಕಮ್ಮ. ಒಂದು ಡಜನ್ ಲೆನ್ಸು ಒಡೆದದ್ದು ಯಾರಿಂದ ಎಂದು ಹಿಂದೊಮ್ಮೆ ಇಬ್ಬರೂ ಬಾಯಿಗೆ ಬಾಯಿ ಕೊಟ್ಟರು. ಆವತ್ತಿನಿಂದ ಅವನು ಇಳಿಯುವುದಿಲ್ಲ, ಇವಳು ಹತ್ತುವುದಿಲ್ಲ. ಮೆಟ್ಟಿಲು ತಿರುಗುವ ಜಾಗದಲ್ಲಿ ನನ್ನ ಮೇಜಿದೆ. ಮೇಲಿನ ಚೀಟಿ ಕೆಳಗೆ, ಕೆಳಗಿನದು ಮೇಲೆ, ಎಲ್ಲ ನನ್ನ ಮೇಜಿನ ಮೇಲಿಂದಲೇ ಹೋಗಬೇಕು. ಅವರು ಬರೆದದ್ದನ್ನು ಹಾಗೇ ಕಳಿಸಿದರೆ ದಿನಕ್ಕೊಂದು ತಲೆ ಉರುಳುತ್ತದೆ. ಮುಳ್ಳು ತೆಗೆದು, ನನ್ನ ದುಂಡು ಅಕ್ಷರದಲ್ಲಿ ಬರೆದು ಕಳಿಸುತ್ತೇನೆ. ಮೂಲ ಚೀಟಿ ಡ್ರಾಯರಿಗೆ. ಇದನ್ನು ಯಾರೂ ನನಗೆ ಕಲಿಸಲಿಲ್ಲ.

ಸುಗಮಮ್ಮ ಬಂದವಳೇ ನನ್ನ ಮೇಜಿನ ಹತ್ತಿರ ಒಂದು ಸ್ಟೂಲು ಎಳೆದುಕೊಂಡು ಕೂತಳು. ಒಂದು ಗಂಟೆ ನನ್ನ ಕೈಯನ್ನೇ ನೋಡಿದಳು. ಆಮೇಲೆ ಕೆಳಗೆ ಹೋದಳು. ಸ್ಕ್ರೂ ಚಿಕ್ಕಮ್ಮ ಅವಳ ಹತ್ತಿರ ಮಗಳ ಮದುವೆ, ಮಂಡಿ ನೋವು, ಗಂಡನ ಗೊರಕೆ ಎಲ್ಲ ಹೇಳಿಕೊಂಡಳಂತೆ. ನನಗೆ ಇಷ್ಟು ವರ್ಷದಲ್ಲಿ ಮಂಡಿ ನೋವಿನ ಸುದ್ದಿಯೇ ಗೊತ್ತಿರಲಿಲ್ಲ. ಕೇಳಿ ಮೈ ಉರಿದುಹೋಯಿತು.

ನಿನ್ನ ಪತ್ರವನ್ನು ಅಮ್ಮನ ಪಕ್ಕ ಕೂತು ಓದಿದೆ. ಅವಳ ಕಿವಿ ಫೋನಿಗೆ ಒಗ್ಗುವುದಿಲ್ಲ, ಹತ್ತಿರ ಕೂತು ಜೋರಾಗಿ ಹೇಳಿದರೆ ಮಾತ್ರ ಕೇಳುತ್ತದೆ. ಕಣ್ಣಿಗೆ ನಮ್ಮಲ್ಲೇ ಮಾಡಿಸಿದ ಕನ್ನಡಕ ಮೂರು ಸಲ ವಾಪಸು ಹೋಗಿದೆ. ಹಾಕಿಕೊಂಡರೆ ಅಕ್ಷರ ಎರಡೆರಡಾಗಿ ಕಾಣುತ್ತದಂತೆ. ಹಾಗಾಗಿ ಓದಿ ಹೇಳುವವಳು ನಾನೇ. ಕೇಳಿ ಸುಮ್ಮನಾದಳು. ಆರು ವರ್ಷದ ಮುನಿಸು ಒಂದು ಪತ್ರಕ್ಕೆ ಕರಗುತ್ತದಾ?

ನಿನ್ನ ಅಕ್ಕ

•

ಫೆಬ್ರವರಿ 20

ಅಕ್ಕಾ,

ನಿನ್ನ ಪತ್ರ ಓದಿ ಬಸ್ಸಿನಲ್ಲೇ ನಕ್ಕುಬಿಟ್ಟೆ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂತರು. ಸುಗಮಮ್ಮನಂತೆ! ನನಗೆ ಇಲ್ಲಿ ಏನೇನು ಹೆಸರು ಇಟ್ಟಿರುತ್ತಾರೋ, ದೇವರೇ ಬಲ್ಲ.

ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ನಮ್ಮ ಕೆಲಸ ಮಾತಾಡುವುದಲ್ಲ ಅಕ್ಕಾ. ಇಬ್ಬರು ಮಾತಾಡುವಾಗ ಮೂರನೆಯವರು ಬಾಯಿ ಹಾಕದಂತೆ ನೋಡಿಕೊಳ್ಳುವುದು. ಆ ಮೂರನೆಯವರಲ್ಲಿ ನಾವೂ ಸೇರಿದ್ದೇವೆ, ಅದೇ ಕಷ್ಟ. ಕಳೆದ ವಾರ ಒಂದು ಹೋಟೆಲಿನ ಅಡುಗೆಮನೆಗೆ ಹೋಗಿದ್ದೆ. ಅಡುಗೆಯವರಿಗೂ ಬಡಿಸುವವರಿಗೂ ಆಗುತ್ತಿರಲಿಲ್ಲ. ನಾನು ಮಾಡಿದ್ದಿಷ್ಟೇ: ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮೊದಲು ಅದೇ ಮಾತಿನಲ್ಲಿ ತಿರುಗಿ ಹೇಳಬೇಕು, ಆಮೇಲೆ ಉತ್ತರ ಕೊಡಬೇಕು. ಹತ್ತು ನಿಮಿಷಕ್ಕೆ ಒಬ್ಬ ಅಡುಗೆಯವನು ಸೌಟು ಕೆಳಗಿಟ್ಟು, “ಓ, ನೀವು ಕೇಳ್ತಾ ಇದ್ದಿದ್ದು ಇದಾ?” ಅಂದ.

ಊರವರನ್ನೆಲ್ಲ ಮಾತಾಡಿಸುವವಳು ಹೆತ್ತ ತಾಯಿಯ ಹತ್ತಿರ ಮಾತು ಬಿಟ್ಟಿದ್ದಾಳೆ ಎಂದು ನೀನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರುತ್ತೀಯ. ಅಂದುಕೋ. ಅಪ್ಪ ಹೋದ ದಿನ ನಾನು ಎರಡು ಗುಂಪು ನರ್ಸುಗಳ ಜಗಳ ಬಿಡಿಸುತ್ತಿದ್ದೆ. ಮಾರನೆಯ ದಿನ ಬಂದೆ. ಅಮ್ಮ ಬಾಗಿಲಲ್ಲೇ ನಿಂತು “ಈಗ್ಯಾಕೆ ಬಂದೆ?” ಅಂದಳು. ನಾನಿದ್ದ ಮೂರು ದಿನವೂ ನನ್ನ ಮುಖ ನೋಡಲಿಲ್ಲ. ನಾನೂ ಹಟದವಳು, ಹೊರಟುಬಿಟ್ಟೆ.

ಈಗ ಹಟ ಉಳಿದಿಲ್ಲ. ಎರಡು ವರ್ಷದಿಂದ ಪ್ರತಿ ಪತ್ರದಲ್ಲೂ ಕೇಳುತ್ತಿದ್ದೇನೆ, ಇನ್ನೊಂದು ಸಲ ಕೇಳುತ್ತೇನೆ. ನಾನು ಬರಲೇ ಎಂದು ಅಮ್ಮನನ್ನು ಕೇಳು. ಅವಳು ಹೂಂ ಅಂದರೆ ಅವತ್ತೇ ಹೊರಡುತ್ತೇನೆ.

ನಿನ್ನ ತಂಗಿ

•

ಮಾರ್ಚ್ 24

ಚಿಕ್ಕವಳೇ,

ನಿನ್ನ ಮಾತು ಕೇಳಿ ಕೋಪ ಮಾಡಿಕೊಳ್ಳದೆ ಇದ್ದೆ. ಅದರ ಫಲ ಉಣ್ಣುತ್ತಿದ್ದೇನೆ.

ಸುಗಮಮ್ಮ ಎರಡೂ ಕೋಣೆಯವರನ್ನು ಊಟದ ಹಾಲಿನಲ್ಲಿ ಸೇರಿಸಿದಳು. ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ಕುರ್ಚಿಗಳನ್ನು ದುಂಡಗೆ ಹಾಕಿಸಿದ್ದಳು. ಉಜ್ಜಪ್ಪ ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದ, ಓಡಿಹೋಗಲು ಸುಲಭ ಎಂದು. ಹೋದ ತಿಂಗಳು ಬಂದ ಚೀಟಿಗಳನ್ನು ಎಲ್ಲರೂ ತರಬೇಕು ಎಂದಿದ್ದಳು. ಉಜ್ಜಪ್ಪ ಒಂದನ್ನು ಓದಿದ: “ದಯವಿಟ್ಟು ಲೆನ್ಸಿನ ಅಂಚನ್ನು ಇನ್ನೊಮ್ಮೆ ಪರಿಶೀಲಿಸಿ, ವಂದನೆಗಳು.”

ಸ್ಕ್ರೂ ಚಿಕ್ಕಮ್ಮ ಎದ್ದು ನಿಂತಳು. “ವಂದನೆಗಳಾ? ನಾನಾ? ಈ ಮನುಷ್ಯಂಗಾ? ನನ್ನ ಜನ್ಮದಲ್ಲಿ ಬರ್ದಿಲ್ಲ.”

“ಮತ್ತೆ ಇದು ಯಾರ ಅಕ್ಷರ?”

ನಲವತ್ತು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ನಾನು ನಕಲು ಮಾಡಿ ಕಳಿಸುತ್ತೇನೆ ಎಂದಷ್ಟೇ ಅವರು ತಿಳಿದಿದ್ದರು. ಸುಗಮಮ್ಮ ಮೆಲ್ಲಗೆ, “ಮೂಲ ಚೀಟಿ ಇದೆಯಾ ಮೇಡಂ?” ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆತ್ತನೆ ದನಿಗೆ ಎದ್ದೇಬಿಟ್ಟೆ. ಹೋಗಿ ಡ್ರಾಯರನ್ನೇ ಎತ್ತಿಕೊಂಡು ಬಂದೆ.

ಚಿಕ್ಕಮ್ಮನ ಮೂಲ ಚೀಟಿ ಹೀಗಿತ್ತು: “ಮೊದಲು ನಿನ್ನ ಕಣ್ಣಿಗೊಂದು ಕನ್ನಡಕ ಮಾಡ್ಕೋ ಮಾರಾಯ. ಎಡಗಡೆ ಅಂಚು ಅರ್ಧ ಮಿಲಿಮೀಟರ್ ದಪ್ಪ, ಫ್ರೇಮಿಗೆ ಹೋಗ್ತಿಲ್ಲ.” ಅದನ್ನು ಕೇಳಿ ಉಜ್ಜಪ್ಪ ಕೋಪ ಮಾಡಿಕೊಳ್ಳುತ್ತಾನೆ ಎಂದು ಕಾದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಆಮೇಲೆ, “ಅರ್ಧ ಮಿಲಿಮೀಟರ್ ಅಂತ ಹೇಳಿದ್ರೆ ಐದು ನಿಮಿಷದ ಕೆಲ್ಸ ಕಣಮ್ಮಾ. ಪರಿಶೀಲಿಸಿ ಅಂದ್ರೆ ನಾನೇನು ಮಾಡ್ಲಿ? ಇಡೀ ದಿನ ಪರಿಶೀಲಿಸ್ತಾ ಕೂತಿದ್ದೆ” ಅಂದ.

ಬೈಗುಳದ ಜೊತೆ ಅಳತೆಯನ್ನೂ ಕಿತ್ತು ಎಸೆಯುತ್ತಿದ್ದೆನಂತೆ ನಾನು. ಒಂದೊಂದಾಗಿ ತೆಗೆದು ಓದಿದರು. ಒಬ್ಬರನ್ನೊಬ್ಬರು ಬೈದ ಚೀಟಿಗಳನ್ನು ಓದಿ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ನಾನೊಬ್ಬಳೇ ಖಾಲಿ ಡ್ರಾಯರನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಹತ್ತೊಂಬತ್ತು ವರ್ಷ ನಾನು ತಲೆ ಕಾಯ್ದವರು, ನಿನ್ನೆ ಮೊನ್ನೆ ಬಂದವಳಿಗೆ ಥ್ಯಾಂಕ್ಸ್ ಹೇಳಿ ಎದ್ದರು. ಹೊಟ್ಟೆಕಿಚ್ಚು ಎಂದು ನೀನು ಹೇಳುವ ಮೊದಲು ನಾನೇ ಹೇಳುತ್ತೇನೆ. ಹೌದು, ಹೊಟ್ಟೆಕಿಚ್ಚೇ.

ಅಮ್ಮನನ್ನು ಕೇಳಿದೆ. ಈಗ ಬೇಡ ಅಂದಳು.

ಅಕ್ಕ

•

ಏಪ್ರಿಲ್ 2

ಅಕ್ಕಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲನೆಯ ಸಲ ನಗು ಬಂತು. ಎರಡನೆಯ ಸಲ ನಿನ್ನ ಬಗ್ಗೆ ಅಯ್ಯೋ ಅನಿಸಿತು. ಮೂರನೆಯ ಸಲ ಕೊನೆಯ ಸಾಲಿನ ಹತ್ತಿರ ನಿಂತುಬಿಟ್ಟೆ.

ಅಮ್ಮ “ಈಗ ಬೇಡ” ಅಂದದ್ದು ಯಾವ ಮಾತಿನಲ್ಲಿ? ಬೈದಿದ್ದರೆ ಬೈದ ಹಾಗೇ ಬರೆ. ನನಗೆ ಮುಳ್ಳು ತೆಗೆದದ್ದು ಬೇಡ.

ತಂಗಿ

•

ಮೇ 19

ಚಿಕ್ಕವಳೇ,

ತಡವಾಯಿತು. ಕೆಲಸ ಹೆಚ್ಚಿತ್ತು ಎಂದು ಬರೆದರೆ ಸುಳ್ಳು, ಕೆಲಸ ಕಡಿಮೆಯಾಗಿದೆ. ದಿನಕ್ಕೆ ಹದಿನೈದು ಕನ್ನಡಕ ವಾಪಸು ಬರುತ್ತಿದ್ದವು, ಈಗ ಎರಡೋ ಮೂರೋ. ಬೆಳಿಗ್ಗೆ ಎರಡೂ ಕೋಣೆಯವರು ಹತ್ತು ನಿಮಿಷ ನಿಂತುಕೊಂಡೇ ಮಾತಾಡುತ್ತಾರೆ. ಯಾವುದು ತೊಡಕು, ಯಾರಿಗೆ ಏನು ಬೇಕು, ಅಷ್ಟೇ. ಸ್ಕ್ರೂ ಚಿಕ್ಕಮ್ಮ ಮಂಡಿ ಹಿಡಿದುಕೊಂಡು ನನ್ನ ಮುಂದೆಯೇ ಮೆಟ್ಟಿಲು ಹತ್ತುತ್ತಾಳೆ. ಅರ್ಧಕ್ಕೆ ಬಂದಾಗ ನನ್ನ ಮೇಜಿಗೆ ಕೈ ಊರಿಕೊಂಡು ಸುಧಾರಿಸಿಕೊಳ್ಳುತ್ತಾಳೆ. ನನ್ನ ಮೇಜಿಗೆ ಈಗ ಅದೊಂದೇ ಕೆಲಸ.

ಒಂದು ವಿಷಯ ಹೇಳಬೇಕು. ಸುಗಮಮ್ಮ ಎಲ್ಲರಿಗೂ ಒಂದು ಕೆಲಸ ಕೊಟ್ಟಳು. ಅತಿ ಹೆಚ್ಚು ಸಲ ಮೇಲೆ ಕೆಳಗೆ ಓಡಾಡಿದ ಒಂದು ಕನ್ನಡಕವನ್ನು ಹುಡುಕಿ, ಎರಡೂ ಕೋಣೆಯವರು ಒಂದೇ ಮೇಜಿನಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಮಾಡಿ ಮುಗಿಸಬೇಕು. ವಾಪಸು ಬಂದದ್ದನ್ನು ಬರೆದಿಡುವ ಪುಸ್ತಕ ತೆಗೆದು ನೋಡಿದರು. ಅದು ಅಮ್ಮನದು.

ಎರಡು ವರ್ಷದ ಹಿಂದೆ ಉಜ್ಜಪ್ಪ ಚೀಟಿ ಬರೆದಿದ್ದ: “ಕಣ್ಣು ಕಟ್ಟಿಕೊಂಡು ಫ್ರೇಮು ಆರಿಸಿದ್ದೀರಾ? ಇದು ಅಗಲ ಆಯ್ತು. ಲೆನ್ಸಿನ ನಡು ಕಣ್ಣಿನ ಪಾಪೆಯ ನೇರಕ್ಕೆ ಬರ್ತಿಲ್ಲ, ಎರಡೂ ಕಡೆ ಎರಡೆರಡು ಮಿಲಿಮೀಟರ್ ಒಳಗೆ ಬರಬೇಕು. ಸಣ್ಣ ಫ್ರೇಮು ಹಾಕಿ.” ನಾನು ಕೆಳಗೆ ಕಳಿಸಿದ್ದು: “ದಯವಿಟ್ಟು ಫ್ರೇಮನ್ನು ಇನ್ನೊಮ್ಮೆ ಗಮನಿಸಿ.” ಅವರು ಗಮನಿಸಿದರು, ಸ್ಕ್ರೂ ಬಿಗಿ ಮಾಡಿ ವಾಪಸು ಕಳಿಸಿದರು. ಹೀಗೆ ಮೂರು ಸಲ. ನನ್ನ ತಾಯಿಯ ಕಣ್ಣಿಗೆ ನನ್ನ ಅಕ್ಷರವೇ ಅಡ್ಡ ಬಂದಿತ್ತು.

ಮೊನ್ನೆ ಇಬ್ಬರೂ ಅಕ್ಕಪಕ್ಕ ಕೂತು ಮಾಡಿದರು. ಜಗಳ ಮಾಡಿಕೊಂಡೇ ಮಾಡಿದರು. “ಒಳಗೆ ಅಂದೆ, ಒಳಗೆ!” “ಕಿವಿ ಕೇಳ್ಸುತ್ತೆ, ಕಿರುಚ್ಬೇಡ.” ಎರಡು ಗಂಟೆಯಲ್ಲಿ ಮುಗಿಯಿತು. ಚಿಕ್ಕಮ್ಮ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿಟ್ಟು, “ತಾಯಿಗೆ ನಾವಿಬ್ರೂ ಕೇಳಿದ್ವಿ ಅಂತ ಹೇಳಿ. ಇದನ್ನಾದ್ರೂ ಹಾಗೇ ಹೇಳಿ” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

ಅಕ್ಕ

•

ಮೇ 27

ಅಕ್ಕಾ,

ಕನ್ನಡಕ ಆಯಿತೆಂದು ಓದಿ ಕುಣಿಯುವಷ್ಟು ಸಂತೋಷವಾಯಿತು. ಅಮ್ಮ ಹಾಕಿಕೊಂಡಳಾ?

ಏಪ್ರಿಲ್‌ನಲ್ಲಿ ಕೇಳಿದ ಪ್ರಶ್ನೆ ಹಾಗೇ ಇದೆ. ನಾನು ಮರೆತಿಲ್ಲ.

ತಂಗಿ

•

ಜೂನ್ 8

ಚಿಕ್ಕವಳೇ,

ಹಾಕಿಕೊಂಡಿಲ್ಲ. ನಾನು ಕೊಟ್ಟೇ ಇಲ್ಲ. ಮೂರು ವಾರದಿಂದ ಕನ್ನಡಕ ನನ್ನ ಚೀಲದಲ್ಲಿ ಊಟದ ಡಬ್ಬಿಯ ಪಕ್ಕದಲ್ಲಿದೆ. ದಿನಾ ಕೆಲಸಕ್ಕೆ ಹೋಗುತ್ತದೆ, ದಿನಾ ಮನೆಗೆ ಬರುತ್ತದೆ.

ನಿನಗೆ ಆಗಲೇ ತಿಳಿದಿರಬೇಕು. ಆದರೂ ನಾನೇ ಬರೆಯಬೇಕು, ನನ್ನ ಬಾಯಿಂದಲೇ ಬರಬೇಕು.

ಅಮ್ಮ “ಈಗ ಬೇಡ” ಅಂದೇ ಇಲ್ಲ. ನಾನು ಕೇಳಿಯೇ ಇರಲಿಲ್ಲ. ಎರಡು ವರ್ಷದಿಂದ ಒಂದು ಸಲವೂ ಕೇಳಿಲ್ಲ. ನಿನ್ನ ಪತ್ರ ಓದುವಾಗ ಆ ಸಾಲು ಬಂದರೆ ಹಾರಿಸಿಬಿಡುತ್ತಿದ್ದೆ. ಪ್ರತಿ ಸಲ ಓದಿ ಮುಗಿಸಿದಾಗ ಅವಳು ಒಂದೇ ಮಾತು ಕೇಳುತ್ತಾಳೆ: “ಬರ್ತಾಳಂತಾ?” ನಾನು, “ಕೆಲಸ ಜಾಸ್ತಿಯಂತೆ ಅಮ್ಮ” ಅನ್ನುತ್ತೇನೆ. ಆಮೇಲೆ ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಅದನ್ನೇ ನಾನು ನಿನಗೆ ‘ಸುಮ್ಮನಾದಳು’ ಎಂದು ಬರೆಯುತ್ತಿದ್ದೆ.

ಯಾಕೆ ಎಂದು ಕೇಳುತ್ತೀಯ. ಅಪ್ಪ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಮಂಚದ ಪಕ್ಕದ ಕಬ್ಬಿಣದ ಬೆಂಚಿನ ಮೇಲೆ ನಾನೇ ಕೂತಿದ್ದೆ. ಬಾಯಿಗೆ ನೀರು ಹಾಕಿದ್ದು ನಾನು, ಬೆನ್ನು ಒರೆಸಿದ್ದು ನಾನು. ಕೊನೆಯ ದಿನ ಕಣ್ಣು ಬಿಟ್ಟ. ನನ್ನ ಮುಖವನ್ನೇ ನೋಡಿಕೊಂಡು, “ಚಿಕ್ಕವಳು ಬಂದ್ಲಾ?” ಅಂದ. ಆಮೇಲೆ ಮಾತಾಡಲಿಲ್ಲ. ಬಾಗಿಲಲ್ಲಿ ಅಮ್ಮ ನಿನ್ನನ್ನು ಹಾಗೆ ಕೇಳಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯನ್ನು ಆರು ವರ್ಷ ನೀರು ಹಾಕಿ ಬೆಳೆಸಿದ್ದೇನೆ. ಚಿಕ್ಕಂದಿನಿಂದ ಮನೆಗೆ ಬಂದವರೆಲ್ಲ ಕಷ್ಟಸುಖ ಹೇಳಿಕೊಳ್ಳುತ್ತಿದ್ದದ್ದು ನಿನ್ನ ಹತ್ತಿರ. ನನ್ನನ್ನು ಕೇಳುತ್ತಿದ್ದದ್ದು ಲೋಟ ಎಲ್ಲಿದೆ ಎಂದು. ನೀವಿಬ್ಬರೂ ಮಾತು ಬಿಟ್ಟ ಮೇಲೆ, ಮೊದಲ ಸಲ, ಇಬ್ಬರಿಗೂ ನಾನು ಬೇಕಾದೆ.

ಕಾರ್ಖಾನೆಯಲ್ಲೂ ಅದೇ. ಡ್ರಾಯರಿನ ತಳಕ್ಕೆ ಹಾಸಿದ ಕಾಗದದ ಅಡಿಯಲ್ಲಿ ಉಜ್ಜಪ್ಪನ ಒಂದು ಚೀಟಿ ಸಿಕ್ಕಿತು, ಹನ್ನೊಂದು ವರ್ಷದ ಹಿಂದಿನದು. “ಆ ಡಜನ್ ಲೆನ್ಸು ಒಡೆದದ್ದು ನನ್ನ ಕೈಯಿಂದಲೇ. ಚಿಕ್ಕಮ್ಮನಿಗೆ ಹೇಳಿ.” ನಾನು ಹೇಳಿರಲಿಲ್ಲ. ಅವರಿಬ್ಬರೂ ಒಂದಾದರೆ ಮೆಟ್ಟಿಲ ಮೇಲೆ ನನಗೇನು ಕೆಲಸ? ಈ ಶುಕ್ರವಾರ ಆ ಚೀಟಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟೆ. ಓದಿದಳು, ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. “ಹನ್ನೊಂದು ವರ್ಷ” ಅಂದಳು. ಆವತ್ತು ಊಟಕ್ಕೆ ನನ್ನ ಪಕ್ಕ ಕೂರಲಿಲ್ಲ.

ಸುಗಮಮ್ಮನ ಕೆಲಸ ಮುಗಿಯಿತು, ನಿನ್ನೆ ಹೊರಟಳು. ಹೋಗುವಾಗ ಮತ್ತೆ ಅದೇ ಸ್ಟೂಲು ಎಳೆದುಕೊಂಡು ಕೂತಳು. “ಇಷ್ಟು ವರ್ಷ ಎಲ್ಲರ ಮಾತನ್ನೂ ನೀವೇ ಹೊತ್ತಿದ್ದೀರಿ. ಭುಜ ನೋಯ್ತಿರಬೇಕು” ಅಂದಳು. ನನಗೆ ಅವಳ ಮೇಲೆ ಎಷ್ಟು ಸಿಟ್ಟಿತ್ತು ಗೊತ್ತಾ? ಆದರೂ ಅವಳ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಮುಗಿಯುವವರೆಗೆ ಕೂತಿದ್ದಳು. ನಿನ್ನ ಮುಂದೆ ಜನ ಅಳುವುದು ಯಾಕೆಂದು ಆಗ ಗೊತ್ತಾಯಿತು. ಅದಕ್ಕೂ ಹೊಟ್ಟೆ ಉರಿಯಿತು.

ಅಮ್ಮ ಕನ್ನಡಕ ಹಾಕಿಕೊಂಡ ಕೂಡಲೇ ಮೊದಲು ಕೇಳುವುದು ನಿನ್ನ ಪತ್ರಗಳನ್ನೇ. ಎಲ್ಲ ತಗಡಿನ ಡಬ್ಬಿಯಲ್ಲಿವೆ. ಒಂದನ್ನೂ ಹರಿದಿಲ್ಲ, ಯಾಕೆ ಹರಿಯಲಿಲ್ಲವೋ ನನಗೇ ಗೊತ್ತಿಲ್ಲ. ಅವಳು ಓದುತ್ತಾಳೆ, ನಾನು ಹಾರಿಸಿದ ಸಾಲುಗಳನ್ನೆಲ್ಲ ಓದುತ್ತಾಳೆ. ಆಮೇಲೆ ನನ್ನ ಮುಖ ನೋಡುತ್ತಾಳೆ. ನಿನಗೆ ಅವಳು ಮೂರು ದಿನ ಮುಖ ತಿರುಗಿಸಿದ್ದಳು. ನನಗೆ ಎಷ್ಟು ದಿನವೋ. ಇದೇ ಮನೆಯಲ್ಲಿ, ಇದೇ ಎರಡು ಕೋಣೆಯಲ್ಲಿ.

ನಾಳೆ ಕೊಡುತ್ತೇನೆ ಎಂದು ಬರೆಯುವುದಿಲ್ಲ. ಹಾಗೆ ಬರೆದು ಬರೆದೇ ಇಷ್ಟಾಗಿದೆ.

ಅಕ್ಕ

•

ಜೂನ್ 17

ಚಿಕ್ಕ ಮಗಳಿಗೆ ಅಮ್ಮ ಬರೆಯುವುದು.

ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಗೆರೆ ತಪ್ಪಿದರೆ ನಗಬೇಡ. ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ.

ಕಳೆದ ಬುಧವಾರ ನಿನ್ನ ಅಕ್ಕ ಕನ್ನಡಕವನ್ನೂ ತಗಡಿನ ಡಬ್ಬಿಯನ್ನೂ ಒಟ್ಟಿಗೆ ತಂದು ನನ್ನ ಮಂಚದ ಮೇಲೆ ಇಟ್ಟಳು. “ಇಬ್ರೂ ಸೇರಿ ಮಾಡಿದ್ದಮ್ಮ, ಇಬ್ರೂ ನಿನ್ನ ಕೇಳಿದ್ರು” ಅಂದಳು. ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೋದಳು. ಊಟದ ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ದಳು.

ನಾಲ್ಕು ದಿನ ಓದಿದೆ. ಎಲ್ಲ ಓದಿದೆ. ಅಕ್ಷರ ಒಂದೊಂದಾಗಿಯೇ ಕಾಣುತ್ತದೆ.

ನೀನು ಬರಲೇ ಎಂದು ಇಪ್ಪತ್ತಮೂರು ಸಲ ಕೇಳಿದ್ದೀಯ. ನಾನು ಎಣಿಸಿದೆ. ಬಾರೇ. ಅವತ್ತು ಬಾಗಿಲಲ್ಲಿ ಹಾಗೆ ಕೇಳಿದ್ದು ಸಿಟ್ಟಿಗಲ್ಲ. ಅಪ್ಪ ಕೇಳಿದಾಗ ನೀನು ಇರಲಿಲ್ಲವಲ್ಲ ಎಂಬ ಸಂಕಟಕ್ಕೆ. ಅದನ್ನು ಬಿಡಿಸಿ ಹೇಳಲು ನನಗೆ ಬರಲಿಲ್ಲ. ನೀನು ಹೊರಟೇಬಿಟ್ಟೆ.

ನಿನ್ನ ಅಕ್ಕನನ್ನು ನೀನು ಬೈಯಬೇಡ. ಬೈಯುವುದು ನನ್ನ ಪಾಲಿನದು, ಬೈದಿದ್ದೇನೆ. ಎರಡು ದಿನ ಮಾತಾಡಿಸಲಿಲ್ಲ. ಮೂರನೆಯ ದಿನ ನೋಡಿದೆ, ಅವಳ ತಲೆ ಅರ್ಧ ಬೆಳ್ಳಗಾಗಿದೆ. ಯಾವಾಗ ಆಯಿತೋ, ಕಣ್ಣು ಮಂಜಾಗಿದ್ದವಳಿಗೆ ಕಂಡೇ ಇರಲಿಲ್ಲ. ಹತ್ತಿರ ಕರೆದೆ. ಅಪ್ಪ ನಿನ್ನನ್ನು ಕೇಳುವ ಮೊದಲು, ಹನ್ನೊಂದು ದಿನವೂ, ಅವಳು ತೂಕಡಿಸಿದ ಮೇಲೆ ಅವಳ ಕೈ ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದ, ನಾನು ನೋಡಿದ್ದೆ ಎಂದು ಹೇಳಿದೆ. ಅದನ್ನೂ ಯಾರೂ ಅವಳಿಗೆ ಹೇಳಿರಲಿಲ್ಲ, ನಾನೂ ಸೇರಿ.

ಈ ಕಾಗದವನ್ನು ಅಂಚೆಗೆ ಹಾಕು ಎಂದು ಅವಳ ಕೈಗೇ ಕೊಡುತ್ತೇನೆ. ಲಕೋಟೆ ಅಂಟಿಸುವುದಿಲ್ಲ. ಓದಬೇಕೆನಿಸಿದರೆ ಓದು ಎಂದಿದ್ದೇನೆ.

ಅಮ್ಮ

ಅಮ್ಮನ ಅಕ್ಷರದ ಕೆಳಗೆ ಜಾಗವಿದೆ, ಬರೆಯುತ್ತಿದ್ದೇನೆ. ಓದಿದೆ. ಒಂದಕ್ಷರವನ್ನೂ ಮುಟ್ಟಿಲ್ಲ. ನೀನು ಬರುವ ದಿನ ಬಸ್ ನಿಲ್ದಾಣಕ್ಕೆ ನಾನು ಬರಲೇ? ಬೇಡ ಎನಿಸಿದರೆ ಅಮ್ಮನಿಗೇ ಬರೆ. ಅವಳೇ ನನಗೆ ಓದಿ ಹೇಳುತ್ತಾಳೆ.

ಅಕ್ಕ